ಮೊಬೈಲ್‌ನಲ್ಲಿ ಮೂರು ಅಡಿ ಬೇರು, ಗುಂಡಿಯಲ್ಲಿ ಒಂದೂವರೆ ಅಡಿ: ಯಾವುದನ್ನು ನಂಬಲಿ?

ಪ್ರಶ್ನೆ: ತಿಕೋಟಾ ಭಾಗದಲ್ಲಿ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ಪಡ. ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಮಾಡಿದ ಥಾಮ್ಸನ್ ತಳಿ. ಅಂತರ 9×5 ಅಡಿ, ಬಳ್ಳಿಗೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಹೋದ ವರ್ಷ ಒಂದು ಕಂಪನಿಯವರು ಒಂದು ಅಡಿ ಆಳಕ್ಕೆ ಸೆನ್ಸರ್ ಹೂಳಿ, ಮೊಬೈಲಿಗೆ ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಬಳ್ಳಿಯ ಬೇರು ಮೂರು ಅಡಿ ಇಳಿದಿರುವ ಚಿತ್ರ ಬರುತ್ತದೆ. ಯಾವ ಬೇರು ಎಷ್ಟು ನೀರು ಕುಡಿಯುತ್ತಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ನಾಲ್ಕು ದಿನಕ್ಕೊಮ್ಮೆ ಎಂಟು ತಾಸು ನೀರು ಬಿಡಿ ಅನ್ನುತ್ತದೆ. ಹಾಗೆ ಮಾಡಿದರೆ ಮೂರನೇ ದಿನ ಮಧ್ಯಾಹ್ನಕ್ಕೆ ಕುಡಿ ಜೋತು ಬೀಳುತ್ತವೆ. ಅಪ್ಪ ಮೊದಲಿಂದ ದಿನಾ ಮೂರು ತಾಸು ಬಿಡುತ್ತಿದ್ದರು, ಈಗ ಬೋರಿನಲ್ಲಿ ಅಷ್ಟು ನೀರಿಲ್ಲ. ಸಂಶಯ ಬಂದು ಗುಂಡಿ ತೋಡಿಸಿದರೆ ಒಂದೂವರೆ ಅಡಿಗೆ ಗರಸು (ಕಲ್ಲು ಬೆರೆತ ಗಟ್ಟಿ ಪದರ) ಹತ್ತಿತು, ಬೇರುಗಳೆಲ್ಲ ಅಲ್ಲೇ ನಿಂತಿವೆ. ಕಂಪನಿಯವರು "ನೀರು ತಡೆದರೆ ಬೇರು ನೀರು ಹುಡುಕಿಕೊಂಡು ತಾನೇ ಕೆಳಗಿಳಿಯುತ್ತದೆ" ಅನ್ನುತ್ತಾರೆ. ಇದು ನಿಜವೇ? ನೆಲದೊಳಗಿನ ಬೇರು ಕಂಪ್ಯೂಟರಿಗೆ ಹೇಗೆ ಕಾಣುತ್ತದೆ? ಮುಂದಿನ ವರ್ಷದ ಹಣ ಕಟ್ಟಬೇಕೋ ಬೇಡವೋ? ಡೋಣಿ ಹೊಳೆಯ ದಂಡೆಗೆ ನಮ್ಮದೊಂದು ಎರಿ (ಕಪ್ಪು ಮಣ್ಣಿನ) ಹೊಲವೂ ಇದೆ, ಹಿಂಗಾರಿ ಜೋಳಕ್ಕೆ ಇಂಥದ್ದರ ಉಪಯೋಗ ಇದೆಯೇ?

ಉತ್ತರ: ಗುಂಡಿ ತೋಡಿಸಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಉಳಿದರ್ಧ ನೋಡೋಣ.

ಮೊದಲು ಆ ಚಿತ್ರದ ವಿಷಯ. ಅದು ನಿಮ್ಮ ಬಳ್ಳಿಯ ಬೇರಲ್ಲ. ಹೊಲದ ಮಣ್ಣಿನೊಳಗೆ ಇಣುಕಿ ಇಡೀ ಬೇರಿನ ಜಾಲವನ್ನು ಮೊಬೈಲಿಗೆ ಕಳಿಸುವ ಸಾಧನ ಯಾರ ಪಡದಲ್ಲೂ ಇಲ್ಲ. ಪ್ರಯೋಗಾಲಯದಲ್ಲಿ ಕುಂಡದ ಗಿಡವನ್ನು ಎಕ್ಸ್-ರೇ ಸಿಟಿ ಯಂತ್ರದೊಳಗಿಟ್ಟು ಬೇರು ನೋಡುತ್ತಾರೆ. ಅದು ಕುಂಡಕ್ಕಷ್ಟೇ ಸಾಧ್ಯ. ಮೊಬೈಲಿನಲ್ಲಿ ಬರುವುದು ನಿಯಮಗಳಿಂದ ಬೆಳೆಸಿದ ಬೇರು. ತಾಯಿಬೇರು ದಿನಕ್ಕೆ ಇಷ್ಟು ಉದ್ದವಾಗುತ್ತದೆ, ಇಷ್ಟು ದೂರಕ್ಕೊಂದು ಕವಲು, ಕವಲಿನ ಕೋನ ಇಷ್ಟು ಎಂದು ಮೊದಲೇ ಹೇಳಿಟ್ಟು, ನಡುವೆ ಒಂದಿಷ್ಟು ಯಾದೃಚ್ಛಿಕತೆ ಸೇರಿಸಿ ಕಂಪ್ಯೂಟರ್ ಅದನ್ನು ಬೆಳೆಸುತ್ತದೆ. ಎರಡು ಸಲ ಓಡಿಸಿದರೆ ಎರಡು ಬೇರೆ ಬೇರೆ ಜಾಲ ಬರಬಹುದು.

ಇದು ಕಣ್ಕಟ್ಟು ಎಂದು ಮಾತ್ರ ತಿಳಿಯಬೇಡಿ. ಬೇರಿನ ಮಾದರಿ ಗಂಭೀರ ವಿಜ್ಞಾನ. ಜರ್ಮನಿಯ ಯೂಲಿಶ್ ಸಂಶೋಧನಾ ಕೇಂದ್ರದವರ ಸಿರೂಟ್‌ಬಾಕ್ಸ್, ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಿಮ್‌ರೂಟ್ ಇಂಥವೇ. ಯಾವ ಕೋನದ ಬೇರು ಬರದಲ್ಲಿ ಬಾಳುತ್ತದೆ, ಕವಲು ಕಡಿಮೆ ಮಾಡಿ ಆಳಕ್ಕೆ ಇಳಿದರೆ ಗಿಡಕ್ಕೆ ಲಾಭವೇ ಎಂಬಂಥ ಪ್ರಶ್ನೆಗಳನ್ನು ತಳಿ ವಿಜ್ಞಾನಿಗಳು ಇವುಗಳಿಂದ ಪರೀಕ್ಷಿಸುತ್ತಾರೆ. ಭತ್ತದಲ್ಲಿ ಬೇರಿನ ಕೋನ ಬದಲಿಸುವ ಒಂದು ಜೀನ್ 2013ರಲ್ಲಿ ಪತ್ತೆಯಾಯಿತು. ಅದನ್ನು ಸೇರಿಸಿದ ತಳಿ ಆಳಕ್ಕೆ ಬೇರು ಬಿಟ್ಟು ಬರವನ್ನು ಹೆಚ್ಚು ತಡೆಯಿತು. ಸಾವಿರ ಬೇರುಗಳ ನಡುವೆ ಯಾವ ಥರದ್ದು ಒಳ್ಳೆಯದು ಎಂದು ಕೇಳಲು ಈ ಮಾದರಿಗಳು ಸರಿ. ನಿಮ್ಮ ಪಡದ ಮೂರನೇ ಸಾಲಿನ ಹತ್ತನೇ ಬಳ್ಳಿಯ ಬೇರು ಎಲ್ಲಿದೆ ಎಂದು ಕೇಳಿದರೆ ಅವುಗಳಲ್ಲಿ ಉತ್ತರವಿಲ್ಲ.

ಇನ್ನು "ನಾಲ್ಕು ದಿನಕ್ಕೊಮ್ಮೆ" ಎಂಬ ಸಲಹೆ ಆ ಬಣ್ಣದ ಚಿತ್ರದಿಂದ ಬಂದಿರುವ ಸಾಧ್ಯತೆ ಕಡಿಮೆ. ನೀರಾವರಿ ಸಲಹೆ ಕೊಡುವ ಬಹುತೇಕ ತಂತ್ರಾಂಶಗಳು ಒಳಗೆ ಮಾಡುವುದು ಜಮಾ-ಖರ್ಚಿನ ಲೆಕ್ಕ. ಬೇರಿನ ಆಳದಷ್ಟು ಮಣ್ಣಿನಲ್ಲಿ ಗಿಡಕ್ಕೆ ಸಿಗುವ ನೀರು ಎಷ್ಟು, ದಿನದ ಖರ್ಚು ಎಷ್ಟು, ಎಷ್ಟು ಖಾಲಿಯಾದ ಮೇಲೆ ಮತ್ತೆ ತುಂಬಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, 1998ರಲ್ಲಿ ಪ್ರಕಟಿಸಿದ 56ನೇ ಕೈಪಿಡಿಯಲ್ಲಿ ಈ ಲೆಕ್ಕದ ಕ್ರಮ, ಪ್ರತಿ ಬೆಳೆಯ ಕೋಷ್ಟಕ ಎಲ್ಲ ಇದೆ. ಜಗತ್ತಿನ ಎಷ್ಟೋ ಆ್ಯಪ್‌ಗಳ ಹೊಟ್ಟೆಯಲ್ಲಿರುವುದು ಅದೇ. ಆ ಕೋಷ್ಟಕದಲ್ಲಿ ತಿನ್ನುವ ಮತ್ತು ಒಣದ್ರಾಕ್ಷಿಗೆ ಬೇರಿನ ಗರಿಷ್ಠ ಆಳ 1ರಿಂದ 2 ಮೀಟರ್. ತಡೆಯಿಲ್ಲದ ಆಳ ಮಣ್ಣಿನಲ್ಲಿ ಬೆಳೆದ ಬಳ್ಳಿಗೆ ಅದು ಸರಿ. ಒಂದೂವರೆ ಅಡಿಗೆ ಗರಸು ಹತ್ತುವ ನಿಮ್ಮ ಮಡ್ಡಿ ಭೂಮಿಗೆ ಅಲ್ಲ. ನಿಮ್ಮ ಆ್ಯಪ್ ಮೂರು ಅಡಿ ಹಿಡಿದಿದೆಯೆಂದರೆ ಕೋಷ್ಟಕಕ್ಕಿಂತ ಜಾಗ್ರತೆ ವಹಿಸಿದೆ ಎಂದೇ ಹೇಳಬೇಕು, ಆದರೂ ನಿಮ್ಮ ನೆಲಕ್ಕೆ ಅದು ಇಮ್ಮಡಿ.

ಒಂದು ಅಂಕಿ ಇಮ್ಮಡಿಯಾದರೆ ಏನಾಗುತ್ತದೆ? ಪೆನ್ನು-ಕಾಗದ ತೆಗೆದುಕೊಳ್ಳಿ. ಬಳ್ಳಿಯ ಪಾಲಿನ ಜಾಗ 9×5 ಅಡಿ, ಅಂದರೆ ಸುಮಾರು 4.2 ಚದರ ಮೀಟರ್. ಡ್ರಿಪ್ ನೆನೆಸುವುದು ಸಾಲಿನುದ್ದಕ್ಕೆ ಮೂರು ಅಡಿ ಅಗಲದ ಪಟ್ಟಿ ಎಂದುಕೊಂಡರೆ ಬಳ್ಳಿಗೆ ಸುಮಾರು 1.4 ಚದರ ಮೀಟರ್ ಒದ್ದೆ ನೆಲ. ಆಳ 45 ಸೆಂ.ಮೀ. ಮಣ್ಣಿನ ಗಾತ್ರದಲ್ಲಿ ಶೇ 15ರಷ್ಟು ಗಿಡಕ್ಕೆ ಸಿಗುವ ನೀರು ಎಂದು ಹಿಡಿದರೆ ಸುಮಾರು 94 ಲೀಟರ್. ಒಣದ್ರಾಕ್ಷಿಗೆ ಎಫ್‌ಎಒ ಹೇಳುವಂತೆ ಇದರಲ್ಲಿ ಶೇ 35 ಖರ್ಚಾಗುವವರೆಗೆ ಬಳ್ಳಿಗೆ ತೊಂದರೆ ಇಲ್ಲ. ಅಂದರೆ 33 ಲೀಟರ್. ಇನ್ನು ಖರ್ಚು: ವಾತಾವರಣ ದಿನಕ್ಕೆ 5 ಮಿ.ಮೀ ಎಳೆಯುವ ದಿನಗಳಲ್ಲಿ, ಚಪ್ಪರ ತುಂಬಿದ ಪಡಕ್ಕೆ 0.85ರ ಗುಣಕ (ಆ ಎಳೆತದಲ್ಲಿ ಬೆಳೆ ನಿಜಕ್ಕೂ ಖರ್ಚು ಮಾಡುವ ಪಾಲು) ಹಾಕಿದರೆ ಬಳ್ಳಿಗೆ ದಿನಕ್ಕೆ ಸುಮಾರು 18 ಲೀಟರ್. 33 ಲೀಟರ್ ಎರಡು ದಿನಕ್ಕೂ ಪೂರ್ತಿ ಸಾಲದು. ಇದೇ ಲೆಕ್ಕದಲ್ಲಿ 45ರ ಬದಲು 90 ಸೆಂ.ಮೀ ಹಾಕಿ: 66 ಲೀಟರ್, ಹತ್ತಿರ ಹತ್ತಿರ ನಾಲ್ಕು ದಿನ. ಎರಡು ಡ್ರಿಪ್ಪರ್ ಎಂಟು ತಾಸಿಗೆ ಕೊಡುವುದು 64 ಲೀಟರ್. ನಿಮ್ಮ ಆ್ಯಪ್ ಹೇಳಿದ್ದಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಮುಂದೆ ಹೋಗೋಣ. 33 ಲೀಟರ್ ಮುಗಿದ ಮೇಲೆ ಬಳ್ಳಿ ಒಮ್ಮೆಲೇ ಸಾಯುವುದಿಲ್ಲ, ಎಳೆಯುವುದನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಅದೇ ಕೈಪಿಡಿಯ ಸೂತ್ರದಂತೆ ನಿಮ್ಮ 45 ಸೆಂ.ಮೀ ಮಣ್ಣಿನಲ್ಲಿ ನಾಲ್ಕನೇ ದಿನದ ಕೊನೆಗೆ ಬಳ್ಳಿಗೆ ಸಿಗುವುದು ಬೇಕಾದುದರ ಅರ್ಧದಷ್ಟು ಮಾತ್ರ. ಮೂರನೇ ದಿನ ಮಧ್ಯಾಹ್ನ ಕುಡಿ ಜೋತು ಬೀಳುವುದಕ್ಕೆ ಕಾರಣ ಇದೇ. ಕುಡಿಯ ತುದಿಯಲ್ಲಿ, ತಂತಿಗೆ ಸುತ್ತಿಕೊಳ್ಳುವ ಎಳೆಗಳನ್ನು ಗಮನಿಸಿ. ನೀರು ಸಾಕಿದ್ದಾಗ ಅವು ಕುಡಿಯನ್ನೂ ದಾಟಿ ಸೆಟೆದು ಮುಂದೆ ಚಾಚಿರುತ್ತವೆ. ಕೊರತೆಯಾದಾಗ ಎಲೆಗಿಂತ ಮೊದಲು ಅವೇ ಬಾಗುತ್ತವೆ. ಸೆನ್ಸರಿಗಿಂತ ಮೊದಲು ಸುದ್ದಿ ಕೊಡುವುದು ಅವು.

ಸೆನ್ಸರ್ ಇದ್ದೂ ಆ್ಯಪಿಗೆ ಇದು ಯಾಕೆ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ಎರಡು ಕಾರಣಗಳಿರಬಹುದು. ಒಂದೇ ಸೆನ್ಸರ್, ಅದೂ ಡ್ರಿಪ್ಪರಿನ ನೇರ ಕೆಳಗೆ ಹೂಳಿದ್ದರೆ, ಇಡೀ ಪಟ್ಟಿಯಲ್ಲಿ ಕೊನೆಗೆ ಆರುವ ಜಾಗದ ಸುದ್ದಿಯಷ್ಟೇ ಬರುತ್ತದೆ. ಎರಡನೆಯದು ಶೇಕಡಾವಾರಿನ ಗೊಂದಲ. ನಮ್ಮ ಎರಿ ಮಣ್ಣಿನ ಜೇಡಿ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸೆನ್ಸರ್ ಶೇ 25 ತೇವ ಎಂದು ತೋರಿಸುವಾಗಲೇ ಗಿಡ ಬಾಡುವ ಹಂತಕ್ಕೆ ಬಂದಿರಬಹುದು. ಮರಳು ಮಿಶ್ರಿತ ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಶೇ 15 ಇದ್ದರೂ ಗಿಡ ಸುಖವಾಗಿರುತ್ತದೆ. ಎಷ್ಟು ನೀರಿದೆ ಎನ್ನುವುದಕ್ಕಿಂತ ಎಷ್ಟು ಬಿಗಿಯಾಗಿ ಹಿಡಿದಿದೆ ಎನ್ನುವುದು ಬೇರಿಗೆ ಮುಖ್ಯ. ಮಾದರಿಗಳ ಬುನಾದಿಯೂ ಇದೇ. ಒದ್ದೆ-ಒಣ ಮಣ್ಣಿನಲ್ಲಿ ನೀರು ಹೇಗೆ ಚಲಿಸುತ್ತದೆ ಎಂಬ ಸಮೀಕರಣವನ್ನು ರಿಚರ್ಡ್ಸ್ 1931ರಲ್ಲಿ ಕೊಟ್ಟರು. ಮಣ್ಣಿನ ಬಿಗಿತಕ್ಕೂ ತೇವಕ್ಕೂ ಇರುವ ಸಂಬಂಧವನ್ನು ವಾನ್ ಗೆನುಕ್ಟನ್ 1980ರಲ್ಲಿ ಸೂತ್ರಕ್ಕೆ ತಂದರು. ಯಾವ ಬಿಗಿತದಲ್ಲಿ ಬೇರು ಹೀರುವುದನ್ನು ಕಡಿಮೆ ಮಾಡುತ್ತದೆ, ಯಾವಾಗ ನಿಲ್ಲಿಸುತ್ತದೆ ಎಂಬುದನ್ನು 1978ರಲ್ಲಿ ಫೆಡ್ಡೆಸ್ ಮತ್ತು ಸಂಗಡಿಗರು ಒಂದು ಸರಳ ರೇಖಾಚಿತ್ರಕ್ಕೆ ಇಳಿಸಿದರು. ಹೈಡ್ರಸ್, ಸ್ವಾಪ್‌ನಂಥ ತಂತ್ರಾಂಶಗಳು ಇವನ್ನೇ ಬಳಸುತ್ತವೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಬೇರು ಮೋಟರಿನಂತೆ ನೀರು ಎತ್ತುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಗಲಿನಲ್ಲಿ ಎಳೆಯುವುದು ಎಲೆ. ಎಲೆಯಿಂದ ನೀರು ಆವಿಯಾದಂತೆ ಆ ಎಳೆತ ಕಾಂಡದೊಳಗಿನ ನೀರಿನ ಎಳೆಯ ಮೂಲಕ ಬೇರಿಗೂ, ಬೇರಿನಿಂದ ಮಣ್ಣಿಗೂ ತಲುಪುತ್ತದೆ. ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ಮೇಲೆ ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ನೀವು ನೋಡಿಯೇ ಇರುತ್ತೀರಿ. ಅದು ಮಾತ್ರ ಬೇರಿನ ಸ್ವಂತ ಒತ್ತಡ, ಎಲೆ ಇಲ್ಲದಾಗ ಕಾಣುವಂಥದ್ದು. ಉಳಿದಂತೆ ಬಿಸಿಲು-ಗಾಳಿಯೇ ಯಜಮಾನ. ಮಧ್ಯಾಹ್ನದ ಬಿಸಿಲಿಗೆ ಎಳೆತ ಜೋರಾದಾಗ ಬೇರಿಗೆ ಅಂಟಿಕೊಂಡ ಒಂದೆರಡು ಮಿ.ಮೀ ಮಣ್ಣು ಮೊದಲು ಒಣಗುತ್ತದೆ. ಒಣಗಿದ ಮಣ್ಣಿನಲ್ಲಿ ನೀರು ಹರಿಯುವ ವೇಗ ಸಾವಿರಾರು ಪಟ್ಟು ಕುಸಿಯುತ್ತದೆ. ಹಾಗಾಗಿ ನಾಲ್ಕು ಬೆರಳಿನಾಚೆ ತೇವ ಇದ್ದರೂ ಬೇರಿಗೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುವುದಿಲ್ಲ. ರಾತ್ರಿ ಎಳೆತ ನಿಂತಾಗ ಅದು ಸಮವಾಗುತ್ತದೆ. ಸಂಜೆ ಜೋತು ಬಿದ್ದ ಕುಡಿ ಬೆಳಗ್ಗೆ ನಿಮಿರುವುದು ಅದಕ್ಕೆ. ಬೆಳಗ್ಗೆಯೂ ನಿಮಿರದಿದ್ದರೆ ಕೊರತೆ ಜಾಸ್ತಿಯಾಗಿದೆ ಎಂದೇ ಅರ್ಥ.

ಈಗ "ನೀರು ತಡೆದರೆ ಬೇರು ಹುಡುಕಿಕೊಂಡು ಹೋಗುತ್ತದೆ" ಎಂಬ ಮಾತು. ಇದರಲ್ಲಿ ಒಂದು ಎಳೆಯಷ್ಟು ಸತ್ಯ ಇದೆ, ಅದರ ಮೇಲೆ ದೊಡ್ಡ ತಪ್ಪು ಕಟ್ಟಿದ್ದಾರೆ. ಬೇರಿನ ತುದಿಗೆ ಹಸಿಯ ಕಡೆ ಬಾಗುವ ಗುಣ ಇದೆ. ಒಂದೇ ಬೇರಿನ ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ ಇದ್ದರೆ ಒದ್ದೆಯ ಬದಿಗೇ ಕವಲು ಬಿಡುತ್ತದೆ ಎಂದು 2014ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಆದರೆ ಇದೆಲ್ಲ ಬೇರು ಮುಟ್ಟಿರುವ ಮಣ್ಣಿನ ವಿಷಯ. ಎರಡು ಅಡಿ ಕೆಳಗೆ ನೀರಿದೆ ಎಂದು ಅದಕ್ಕೆ ವಾಸನೆ ಹತ್ತುವುದಿಲ್ಲ. ನಡುವಿನ ಮಣ್ಣು ಒಣಗಿದರೆ ಗಟ್ಟಿಯಾಗುತ್ತದೆ. ಗಟ್ಟಿ ಮಣ್ಣನ್ನು ತೂರಿ ಹೋಗಲು ಎಳೆಬೇರಿಗೆ ಶಕ್ತಿಯಿಲ್ಲ. ಬೇರು ಬೆಳೆಯುವುದು ಹಸಿ ಇರುವಲ್ಲಿ, ಹಸಿ ಇಲ್ಲದಲ್ಲಿ ಅಲ್ಲ. ಹೊಸ ಪಡದಲ್ಲಿ, ಆಳ ಮಣ್ಣಿನಲ್ಲಿ, ಒಮ್ಮೆ ಆಳದವರೆಗೆ ನೆನೆಸಿ ನಂತರ ಮೇಲ್ಪದರ ಸ್ವಲ್ಪ ಆರಲು ಬಿಟ್ಟರೆ ಬೇರು ಕೆಳಗಿನ ಹಸಿಯಲ್ಲಿ ಹಬ್ಬುತ್ತದೆ. ಕಂಪನಿಯವರ ಮಾತು ಹೊಂದುವುದು ಆ ಸಂದರ್ಭಕ್ಕೆ. ನಿಮ್ಮಲ್ಲಿ ಕೆಳಗಿರುವುದು ಗರಸು. ಗುಂಡಿಯ ಗೋಡೆಯನ್ನು ಇನ್ನೊಮ್ಮೆ ನೀರು ಚಿಮುಕಿಸಿ, ಬ್ರಷ್‌ನಿಂದ ಉಜ್ಜಿ ನೋಡಿ. ಗರಸಿನ ಮೇಲ್ಮೈಗೆ ಬಂದ ಬೇರುಗಳು ಅಡ್ಡಕ್ಕೆ ತಿರುಗಿ ಚಾಪೆಯಂತೆ ಹಾಸಿಕೊಂಡಿರುತ್ತವೆ. ಕಲ್ಲಿನ ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಇಳಿದಿರಬಹುದು, ಅದರಿಂದ ಬಳ್ಳಿಯ ಹೊಟ್ಟೆ ತುಂಬುವುದಿಲ್ಲ. ಬಿಳಿ ಬೇರು ಎಲ್ಲೆಲ್ಲಿ ಇವೆ ಎಂಬುದನ್ನೂ ಗುರುತು ಹಾಕಿ. ನೀರು ಬಿರುಸಾಗಿ ಹೀರುವುದು ಅವು, ಕಂದು ತಿರುಗಿದ ಹಳೇ ಬೇರುಗಳದ್ದು ಕಡಿಮೆ. ಇಂಥ ನೆಲದಲ್ಲಿ ನೀರು ತಡೆದರೆ ಬೇರು ಕೆಳಗಿಳಿಯುವುದಿಲ್ಲ, ಇರುವ ಬಿಳಿ ಬೇರೂ ಸಾಯುತ್ತವೆ.

ಹಾಗಾದರೆ ಅಪ್ಪ ಹೇಳಿದ್ದೇ ಸರಿಯೇ? ಎಷ್ಟು ದಿನಕ್ಕೊಮ್ಮೆ ಎಂಬುದರಲ್ಲಿ ಅವರದ್ದು ಸರಿ. ಎಷ್ಟು ಎಂಬುದರಲ್ಲಿ ಸ್ವಲ್ಪ ಹೆಚ್ಚಾಯಿತು. ದಿನಾ ಮೂರು ತಾಸು ಎಂದರೆ ಬಳ್ಳಿಗೆ 24 ಲೀಟರ್. ಮೇಲಿನ ಲೆಕ್ಕದಲ್ಲಿ ಬೇಕಾದುದು 18. ಎಕರೆಗೆ ಸುಮಾರು 970 ಬಳ್ಳಿ, ಬಳ್ಳಿಗೆ 6 ಲೀಟರಿನಂತೆ ದಿನಕ್ಕೆ 5,800 ಲೀಟರ್ ಗರಸಿಗೆ ಇಳಿಯುತ್ತದೆ, ಹಾಕಿದ ಗೊಬ್ಬರದ ಒಂದು ಪಾಲನ್ನೂ ಕರೆದುಕೊಂಡು. ನಾಲ್ಕು ಎಕರೆಗೆ ಲೆಕ್ಕ ಹಾಕಿದರೆ ನಿಮ್ಮ ಬೋರಿನ ಕೊರತೆಯ ದೊಡ್ಡ ಭಾಗ ಇಲ್ಲೇ ಸಿಕ್ಕೀತು. ಇದು ಚಪ್ಪರ ತುಂಬಿದ ಹಂತದ ಲೆಕ್ಕ. ಚಾಟಣಿ ಆದ ಹೊಸತರಲ್ಲಿ ಎಲೆಯೇ ಇಲ್ಲದಾಗ ಗುಣಕ 0.3ಕ್ಕೆ ಇಳಿಯುತ್ತದೆ, ಆಗಲೂ ಮೂರು ತಾಸು ಬಿಟ್ಟರೆ ವ್ಯರ್ಥ ಇನ್ನೂ ಹೆಚ್ಚು. ಏಪ್ರಿಲ್-ಮೇ ಬಿಸಿಲಿಗೆ ವಾತಾವರಣದ ಎಳೆತ 5 ಮಿ.ಮೀ ಮೀರುತ್ತದೆ, ಅದನ್ನೂ ಸೇರಿಸಿಕೊಳ್ಳಬೇಕು.

ನನ್ನ ಸಲಹೆ: ದಿನಾ ಬಿಡುವ ಕ್ರಮ ಅಪ್ಪನದ್ದು ಇರಲಿ, ಪ್ರಮಾಣ ಲೆಕ್ಕದ್ದು ಇರಲಿ. ದಿನಕ್ಕೆ ಎರಡೂಕಾಲು ತಾಸು. ಆದರೆ ಅದಕ್ಕೂ ಮೊದಲು ಡ್ರಿಪ್ಪರಿನ ಕೆಳಗೆ ಪಾತ್ರೆಯಿಟ್ಟು ನಿಜಕ್ಕೂ ಎಷ್ಟು ಬೀಳುತ್ತದೆ ಎಂದು ಅಳೆಯಿರಿ. ಸುಣ್ಣದ ನೀರಿನಲ್ಲಿ ಕಟ್ಟಿಕೊಂಡ ಡ್ರಿಪ್ಪರ್ 4 ಲೀಟರ್ ಅಂತ ಬರೆದಿದ್ದರೂ ಅಷ್ಟು ಕೊಡುವುದಿಲ್ಲ. ಮಣ್ಣಿನಲ್ಲಿ ಕಲ್ಲು-ಹರಳು ಇದ್ದರೆ ಆ ಪಾಲನ್ನು 94 ಲೀಟರಿನಿಂದ ಕಳೆಯಿರಿ, ಕಲ್ಲಿನಲ್ಲಿ ಬಳ್ಳಿಗೆ ನೀರು ಸಿಗದು.

ಈ ದಾರಿಗೂ ಅಪಾಯ ಇದೆ, ಅದು ಉಪ್ಪು. ನಿಮ್ಮ ಭಾಗದ ಎಷ್ಟೋ ಬೋರುಗಳ ನೀರು ಸವಳು. ಅಪ್ಪ ಬಿಡುತ್ತಿದ್ದ ಹೆಚ್ಚಿನ ನೀರು ವ್ಯರ್ಥವಾಗುತ್ತಲೇ ಬೇರಿನ ಜಾಗದ ಉಪ್ಪನ್ನೂ ತೊಳೆಯುತ್ತಿತ್ತು. ಅಳೆದು ಬಿಟ್ಟರೆ ಆ ತೊಳೆತ ನಿಲ್ಲುತ್ತದೆ. ನೀರು ಪರೀಕ್ಷೆ ಮಾಡಿಸಿ. ನೀರಿನ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮನ್ಸ್ ದಾಟಿದ್ದರೆ ದ್ರಾಕ್ಷಿಯ ಇಳುವರಿ ನಿಧಾನವಾಗಿ ಕಡಿಮೆಯಾಗತೊಡಗುತ್ತದೆ. ಅಂಥ ನೀರಾದರೆ ನಡುನಡುವೆ ಒಮ್ಮೆ ಬೇಕೆಂದೇ ಹೆಚ್ಚು ಬಿಟ್ಟು ತೊಳೆಯಬೇಕು. ಡ್ರಿಪ್ ನೆನೆಸಿದ ಪಟ್ಟಿಯ ಅಂಚಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿಕೊಂಡಿರುವುದು ಕಂಡರೆ ಇನ್ನೂ ಒಂದು ಎಚ್ಚರ ಬೇಕು: ಮೊದಲ ಮಳೆ ಸಣ್ಣಗೆ ಬಿದ್ದಾಗ ಡ್ರಿಪ್ ಬಂದ್ ಮಾಡಬೇಡಿ. ಆ ಮಳೆ ಅಂಚಿನ ಉಪ್ಪನ್ನು ಬೇರಿನ ಕಡೆಗೇ ತಳ್ಳುತ್ತದೆ. ಡ್ರಿಪ್ ಓಡುತ್ತಿದ್ದರೆ ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿಯುತ್ತದೆ. ಮಳೆ ಬಂತೆಂದು ಖುಷಿಯಲ್ಲಿ ವಾಲ್ವ್ ಮುಚ್ಚಿ, ವಾರದ ಮೇಲೆ ಎಲೆಯ ಅಂಚು ಸುಟ್ಟದ್ದನ್ನು ರೋಗವೆಂದು ತಿಳಿದು ಔಷಧ ಹೊಡೆಯುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಲೆಕ್ಕ ಸರಿಯಿದೆಯೋ ಇಲ್ಲವೋ ನೋಡಲು ಟೆನ್ಷಿಯೋಮೀಟರ್ ಸಾಕು. ಎರಡು ಹಾಕಿ, ಒಂದು 20 ಸೆಂ.ಮೀಗೆ, ಇನ್ನೊಂದು 40ಕ್ಕೆ, ಡ್ರಿಪ್ಪರಿನಿಂದ ಒಂದು ಗೇಣು ಬದಿಗೆ. ಇದು ನೀರಿನ ಪ್ರಮಾಣವನ್ನಲ್ಲ, ಬಿಗಿತವನ್ನು ಅಳೆಯುತ್ತದೆ, ಹಾಗಾಗಿ ಎರಿ-ಮಸಾರಿ ಎಂಬ ಭೇದದ ಗೊಂದಲ ಕಡಿಮೆ. ಮೇಲಿನದ್ದು 30–40 ಸೆಂಟಿಬಾರ್ ಮುಟ್ಟುವಾಗ ನೀರು ಬಿಡಿ. ಕೆಳಗಿನದ್ದು ದಿನವೂ ಸೊನ್ನೆಯ ಹತ್ತಿರವೇ ನಿಂತರೆ ಗರಸಿಗೆ ನೀರು ಸೋರುತ್ತಿದೆ ಎಂದು ತಿಳಿಯಿರಿ. 80 ಸೆಂಟಿಬಾರ್ ಮೀರಿದರೆ ಉಪಕರಣದೊಳಗೆ ಗಾಳಿ ಹೊಕ್ಕು ಕೆಲಸ ನಿಲ್ಲಿಸುತ್ತದೆ, ವಾರಕ್ಕೊಮ್ಮೆ ನೀರು ತುಂಬಿ ನೋಡಿಕೊಳ್ಳಬೇಕು.

ಹಣ ಕಟ್ಟುವ ವಿಷಯ. ಕಂಪನಿಯವರನ್ನು ಕರೆದು ನೇರ ಕೇಳಿ: ಬೇರಿನ ಆಳವನ್ನು ನಾನೇ 45 ಸೆಂ.ಮೀ ಎಂದು ಬದಲಿಸಬಹುದೇ? ಕಲ್ಲಿನ ಪಾಲು, ನೆನೆಯುವ ಪಟ್ಟಿಯ ಅಗಲ, ಚಾಟಣಿಯ ತಾರೀಖು ಹಾಕಲು ಜಾಗ ಇದೆಯೇ? ಇದ್ದರೆ ಒಂದು ಹಂಗಾಮು ಕಟ್ಟಿ ನೋಡಲಡ್ಡಿಯಿಲ್ಲ. ದಿನದ ಹವಾಮಾನ ಹಿಡಿದು ಖರ್ಚಿನ ಲೆಕ್ಕ ಹಾಕುವ ಕೆಲಸವನ್ನು ಯಂತ್ರ ನಮಗಿಂತ ಬೇಸರವಿಲ್ಲದೆ ಮಾಡುತ್ತದೆ. "ಅದೆಲ್ಲ ಎಐ ತಾನೇ ನೋಡಿಕೊಳ್ಳುತ್ತದೆ" ಎಂಬ ಉತ್ತರ ಬಂದರೆ ಕಟ್ಟಬೇಡಿ. ಕೊಡದ ಆಳವನ್ನು ಯಾವ ಎಐಯೂ ನಿಮ್ಮ ನೆಲದಿಂದ ಅಗೆದು ತರುವುದಿಲ್ಲ. ನೀವೇ ಕಲಿಯುವ ಮನಸ್ಸಿದ್ದರೆ ಎಫ್‌ಎಒದ ಕ್ರಾಪ್‌ವಾಟ್ ಉಚಿತವಾಗಿ ಸಿಗುತ್ತದೆ, ಮೇಲಿನ ಲೆಕ್ಕವನ್ನೇ ಅದು ಮಾಡುತ್ತದೆ. ಅದೇ ಸಂಸ್ಥೆಯ ಆಕ್ವಾಕ್ರಾಪ್ ಬಹಳ ಹೆಸರುವಾಸಿ, ಆದರೆ ಅದು ಜೋಳ, ಗೋಧಿಯಂಥ ಬೆಳೆಗಳಿಗೆ. ಬಳ್ಳಿ, ಮರಗಳಿಗೆ ಮಾಡಿದ್ದಲ್ಲ.

ಕೊನೆಗೆ ಡೋಣಿ ದಂಡೆಯ ಜೋಳ. ಅಲ್ಲಿ ಪ್ರಶ್ನೆಯೇ ಬೇರೆ. ನೀರು ಬಿಡುವ ಮಾತಿಲ್ಲ, ಮುಂಗಾರು-ಹಿಂಗಾರಿನ ನಡುವೆ ಎರಿ ಹಿಡಿದಿಟ್ಟ ಹಸಿಯ ಮೇಲೆಯೇ ತೆನೆ ಕಟ್ಟಬೇಕು. ಒಂದು ಮೀಟರ್ ಆಳದ ಒಳ್ಳೆಯ ಎರಿ ಮಣ್ಣು ಬೆಳೆಗೆ ಸಿಗುವಂತೆ 150–200 ಮಿ.ಮೀ ನೀರನ್ನು ಇಟ್ಟುಕೊಳ್ಳಬಲ್ಲದು. ಆ ಗಂಟನ್ನು ಗಿಡ ಬೆಳೆಯುವಾಗಲೇ ಮುಗಿಸಿಬಿಟ್ಟರೆ ಕಾಳು ಕಟ್ಟುವಾಗ ಏನೂ ಉಳಿಯುವುದಿಲ್ಲ. ಮಾದರಿಗಳು ಜೋಳದ ವಿಷಯದಲ್ಲಿ ನಿಜವಾಗಿ ಬೆಳಕು ಚೆಲ್ಲಿರುವುದು ಇಲ್ಲೇ: ಹೂವಿಗೆ ಮೊದಲು ನೀರನ್ನು ಬಿಗಿಹಿಡಿದು ಬಳಸುವ, ಕೊನೆಯವರೆಗೂ ಎಲೆ ಹಸಿರಾಗಿಟ್ಟುಕೊಳ್ಳುವ ತಳಿಗಳು ಕಾಳು ತುಂಬುವ ಹೊತ್ತಿಗೆ ಸ್ವಲ್ಪ ನೀರು ಉಳಿಸಿಕೊಳ್ಳುತ್ತವೆ ಎಂದು ಹೈದರಾಬಾದಿನ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸಾಟ್ ಮತ್ತು ಆಸ್ಟ್ರೇಲಿಯದ ಸಂಶೋಧಕರು ಪ್ರಯೋಗ ಮತ್ತು ಲೆಕ್ಕ ಎರಡರಿಂದಲೂ ತೋರಿಸಿದ್ದಾರೆ. ಆದರೆ ಎರಿಯ ಬಿರುಕು ಸಾಮಾನ್ಯ ಮಾದರಿಗಳಿಗೆ ದಕ್ಕುವುದಿಲ್ಲ. ಬಿರುಕಿನೊಳಗೆ ಮಳೆ ನೇರ ಕೆಳಗಿಳಿಯುತ್ತದೆ, ಬಿಸಿಲಿಗೆ ಅದೇ ಬಿರುಕಿನ ಗೋಡೆಯಿಂದ ಹಸಿ ಆರುತ್ತದೆ, ಬೇರು ಹರಿದು ತುಂಡಾಗುತ್ತದೆ. ಸಮನಾದ ಮಣ್ಣು ಎಂದು ನಂಬಿ ಬರೆದ ಸಮೀಕರಣಕ್ಕೆ ಇದು ಕಾಣದು. ಎಡೆಕುಂಟೆ ಹೊಡೆದು ಬಿರುಕು ಮುಚ್ಚುವ ನಮ್ಮ ರೂಢಿ ಅದಕ್ಕೇ ಬೆಲೆಯುಳ್ಳದ್ದು, ಮಳೆಗಾಲದಲ್ಲಿ ನೀರು ನಿಲ್ಲಿಸಲು ಹಾಕುವ ಚೌಕು ಮಡಿಯೂ.

ಆ ಹೊಲಕ್ಕೆ ಆ್ಯಪ್ ಬೇಡ. ಬಿತ್ತುವ ವಾರ ಹೊಲದ ನಾಲ್ಕಾರು ಕಡೆ ಸಲಾಕೆ ಚುಚ್ಚಿ, ಹಸಿ ಎಷ್ಟು ಅಡಿಯವರೆಗಿದೆ ನೋಡಿ. ಮೂರು ಅಡಿ ಮೀರಿದ್ದರೆ ಎಂದಿನಂತೆ ಬಿತ್ತಿ. ಒಂದೂವರೆ-ಎರಡು ಅಡಿಗೇ ಸಲಾಕೆ ನಿಂತರೆ ಗಿಡಗಳನ್ನು ತೆಳುವಾಗಿ ಇಟ್ಟುಕೊಳ್ಳಿ. ಮೇವು ಸ್ವಲ್ಪ ಕಡಿಮೆ ಬಂದರೂ ಕಾಳಿಗೆ ನೀರು ಉಳಿಯುತ್ತದೆ.